ನಿಯತ್ತಿನ ಹೆಂಗಸು

ಅಜ್ಜಿ ತೀರಿಕೊಂಡ ಹನ್ನೊಂದನೇ ದಿನ ನಮ್ಮ ಮನೆಗೆ ಒಬ್ಬ ಹಿರಿಯರು ಬಂದಿದ್ದರು. ದೊಡ್ಡಆಲಹಳ್ಳಿಯಿಂದ ನಡೆದೇ ಹೋಗಬಹುದಾದ ಒಂದು ಊರಿನ ತೊಟ್ಟಿಮನೆಯವರು. ಊರಿನ ಹೆಸರು, ಮನೆತನದ ಹೆಸರು ಇಲ್ಲಿ ಬೇಡ. ಅಜ್ಜಿ ಆ ಮನೆಯ ಹಿತ್ತಿಲಲ್ಲಿ ಸುಮಾರು ಇಪ್ಪತ್ತು ವರ್ಷ ರಾಗಿ ಬೀಸಿದವಳು, ಭತ್ತ ಕುಟ್ಟಿದವಳು. ಅವರು ಚಪ್ಪರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು, ಕಾಫಿ ಬೇಡವೆಂದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮಜ್ಜಿ ಭಾಳ ನಿಯತ್ತಿನ ಹೆಂಗ್ಸು ಕಣಮ್ಮ. ಜೀತ ಗೀತ ಎಲ್ಲಾ ಹೋದ್ಮೇಲೂ ನಮ್ಮನೆ ಬಿಡ್ಲಿಲ್ಲ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಪಕ್ಕದಲ್ಲಿದ್ದ ಅಪ್ಪ ಎದ್ದು ಹಿತ್ತಿಲ ಕಡೆ ಹೋದ. ಅವರು ಹೊರಡುವವರೆಗೂ ಬರಲಿಲ್ಲ.

ನನಗೆ ಸಿಟ್ಟು ಬರಲಿಲ್ಲ, ಗಾಬರಿಯಾಯಿತು. ಆ ತಿಂಗಳಷ್ಟೇ ನನ್ನ ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯದ ಕರಡು ಮುಗಿಸಿದ್ದೆ. ಕರ್ನಾಟಕದ ಸ್ಮಾರಕಶಿಲೆಗಳಲ್ಲಿ ಕಾಣುವ ಸ್ವಾಮಿನಿಷ್ಠೆ ಅದರ ವಿಷಯ. ಒಡೆಯನಿಗಾಗಿ ಪ್ರಾಣ ಕೊಟ್ಟ ಆಳುಗಳ ಕಲ್ಲುಗಳನ್ನು ಓದಿ, ವಿಂಗಡಿಸಿ, ಅವರ ನಿಷ್ಠೆಯ ಬಗ್ಗೆ ನಲವತ್ತು ಪುಟ ಬರೆದಿದ್ದೆ. ಆ ಹಿರಿಯರು ಒಂದೇ ವಾಕ್ಯದಲ್ಲಿ ಹೇಳಿದ್ದನ್ನೇ ನಾನು ಅಡಿಟಿಪ್ಪಣಿಗಳನ್ನು ಹಾಕಿ ಉದ್ದಕ್ಕೆ ಬರೆದಿದ್ದೇನೆ ಅನ್ನಿಸಿತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅಜ್ಜಿಯ ವಿಷಯದಲ್ಲಿ ಆ ವಾಕ್ಯ ತಪ್ಪು ಎಂಬುದು ನನಗೆ ಗೊತ್ತಿತ್ತು. ಸಾಯುವ ಹಿಂದಿನ ವರ್ಷ ಅವಳೇ ನನಗೆ ಹೇಳಿದ್ದಳು. ಹಾಗಾದರೆ ಕಲ್ಲಿನ ಮೇಲಿರುವ ಮಾತನ್ನು ನಾನು ಯಾವ ಧೈರ್ಯದಿಂದ ನಂಬಿದೆ?

ಮೊದಲು ಕಲ್ಲುಗಳ ವಿಷಯ ಹೇಳುತ್ತೇನೆ.

ಹಳಗನ್ನಡದಲ್ಲಿ 'ಜೋಳವಾಳಿ' ಎಂಬ ಮಾತಿದೆ. ಒಡೆಯನ ಜೋಳ ಉಂಡವನು ಹೊತ್ತು ಬಂದಾಗ ಅವನಿಗಾಗಿ ಪ್ರಾಣ ಕೊಡಬೇಕು ಎಂಬ ಕಟ್ಟುಪಾಡು. ಇದರ ಜೊತೆಗೇ ವೇಳೆವಾಳಿ, ಲೆಂಕವಾಳಿ ಎಂಬ ಮಾತುಗಳೂ ಬರುತ್ತವೆ. ಲೆಂಕನೆಂದರೆ ಆಳು, ಸೇವಕ. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ ಈ ಪದ್ಧತಿಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಈ ವಿಷಯ ಹಿಡಿದವರೆಲ್ಲ ಅಲ್ಲಿಂದಲೇ ಶುರುಮಾಡುತ್ತಾರೆ, ನಾನೂ ಹಾಗೆಯೇ ಶುರುಮಾಡಿದೆ. ನಿಷ್ಠೆಯ ಈ ಹಳೆಯ ಹೆಸರೇ ಕಾಳಿನಿಂದ ಹುಟ್ಟಿದೆ. ನಮ್ಮ ಕಡೆ ಇವತ್ತಿಗೂ ಉಪ್ಪಿನ ಋಣ, ಅನ್ನದ ಋಣ ಎನ್ನುತ್ತಾರೆ. ಬಡಗಣ ನಾಡಿನ ಜೋಳದ ಜಾಗದಲ್ಲಿ ಕನಕಪುರದ ಸೀಮೆಯಲ್ಲಿ ರಾಗಿ ಇದೆ, ಲೆಕ್ಕ ಮಾತ್ರ ಅದೇ.

ನನ್ನ ಅಧ್ಯಾಯದ ಮುಖ್ಯ ಕಲ್ಲು ತಿ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯದು, ಒಂಬತ್ತನೇ ಶತಮಾನದ್ದು. ಗಂಗ ದೊರೆ ನೀತಿಮಾರ್ಗ ತೀರಿಕೊಂಡದ್ದನ್ನು ಅದು ಹೇಳುತ್ತದೆ. ಸಾವಿನ ಹಾಸಿಗೆಯಲ್ಲಿರುವ ದೊರೆ, ಅವನ ಬಳಿಯಲ್ಲೇ ಪರಿಚಾರಕ, ಹೀಗೆ ಒಂದು ದೃಶ್ಯವನ್ನು ಕಲ್ಲಿನ ಮೇಲೆ ಕೊರೆದಿದ್ದಾರೆ. ಯುದ್ಧದ ಸದ್ದಿಲ್ಲದ, ಮನೆಯೊಳಗಿನ ಇಂಥ ಸಾವಿನ ಚಿತ್ರ ನಮ್ಮ ಕಲ್ಲುಗಳಲ್ಲಿ ಅಪರೂಪ. ದೊರೆಯ ಮನೆಯ ಆಳು ಅಗರಯ್ಯ ಅವನಿಗೆ 'ಕೀಳ್ಗುಂಠೆ'ಯಾದನೆಂದು ಶಾಸನ ಹೇಳುತ್ತದೆ. ಕೀಳ್ಗುಂಠೆ ಎಂದರೆ ಕೆಳಗಿನ ಗುಂಡಿ. ಒಡೆಯನ ಗುಂಡಿಯ ಕೆಳಗೆ ಆಳು ತಾನೂ ಮಣ್ಣಾಗುವುದು. ಅಗರಯ್ಯನನ್ನು ಶಾಸನ ಕರೆದಿರುವುದು 'ಮನೆಮಗ' ಎಂಬ ಅರ್ಥದ ಮಾತಿನಿಂದ. ಹಳ್ಳಿಗಳ ದೊಡ್ಡ ಮನೆಗಳಲ್ಲಿ ಮೊನ್ನೆ ಮೊನ್ನೆಯವರೆಗೂ "ಅವನು ಆಳಲ್ಲ, ಮನೆಮಗ ಇದ್ದಂಗೆ" ಎನ್ನುತ್ತಿದ್ದರಲ್ಲ, ಅದೇ ಮಾತು. ಸಾವಿರದ ನೂರಕ್ಕೂ ಹೆಚ್ಚು ವರ್ಷ ಆ ಮಾತು ಸವೆಯದೆ ಬಂದಿದೆ.

ಎರಡನೆಯದು ಹಳೇಬೀಡಿನದು. ಹೊಯ್ಸಳೇಶ್ವರ ದೇವಾಲಯದ ಆವರಣದಲ್ಲಿ ಒಂದು ಕಂಬವಿದೆ. ಹೊಯ್ಸಳ ಎರಡನೇ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ ದೊರೆಯ ಜೊತೆ ಸಾಯುವ ವ್ರತ ತೊಟ್ಟಿದ್ದ. ಹದಿಮೂರನೇ ಶತಮಾನದ ಆರಂಭದಲ್ಲಿ ದೊರೆ ತೀರಿಕೊಂಡಾಗ ಅವನೂ ಅವನ ಹೆಂಡತಿ ಸುಗ್ಗಲದೇವಿಯೂ ಪ್ರಾಣ ಕೊಟ್ಟರು. ಅವರ ಜೊತೆಗೆ ಸಾವಿರ ಮಂದಿ ಲೆಂಕರೂ ಸತ್ತರೆಂದು ಶಾಸನ ಹೇಳುತ್ತದೆ. ತಮ್ಮ ತಲೆಯನ್ನು ತಾವೇ ಕೊಡುತ್ತಿರುವವರ ಚಿಕ್ಕ ಚಿಕ್ಕ ಆಕೃತಿಗಳು ಆ ಕಂಬದ ಮೇಲಿವೆ. ದಂಡನಾಯಕನ ಹೆಸರಿದೆ, ಹೆಂಡತಿಯ ಹೆಸರಿದೆ. ಲೆಂಕರಿಗೆ ಸಂಖ್ಯೆ ಮಾತ್ರ.

ಮೂರನೆಯದು ನಮ್ಮ ಪಕ್ಕದ ಸೀಮೆಯದು. ಚನ್ನಪಟ್ಟಣ ದಾಟಿದರೆ ಮದ್ದೂರು, ಮದ್ದೂರು ತಾಲ್ಲೂಕಿನಲ್ಲಿ ಆತಕೂರು. ಅಲ್ಲಿಯ ಕಲ್ಲು ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ ಸಂಗತಿ ಅದರಲ್ಲಿದೆ. ಜೊತೆಗೆ ಒಂದು ನಾಯಿಯ ಕತೆಯೂ ಇದೆ. ಬೂತುಗನ ಕಡೆಯ ವೀರ ಮಣಲೆರನಿಗೆ ಏನು ಬೇಕಾದರೂ ಕೇಳು ಎಂದಾಗ ಅವನು ಕೇಳಿದ್ದು 'ಕಾಳಿ' ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಮಣಲೆರ ಕಲ್ಲು ನಿಲ್ಲಿಸಿ ಭೂಮಿ ಬಿಡಿಸಿದ. ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪ ಎಂದೂ ಬರೆಸಿದ. ನಾಯಿಯ ನೆನಪಿಗೆ ಇಷ್ಟು ಏರ್ಪಾಡು. ಇದನ್ನು ಮೊದಲು ಓದಿದಾಗ ನನಗೆ ಖುಷಿಯೇ ಆಗಿತ್ತು. ತಿಥಿಯ ದಿನ 'ನಿಯತ್ತು' ಎಂಬ ಪದ ಕೇಳಿದ ಮೇಲೆ ಕಾಳಿ ಬೇರೆ ರೀತಿಯಲ್ಲಿ ನೆನಪಾಯಿತು. ನಮ್ಮ ಆಡುಮಾತಿನಲ್ಲಿ ನಿಯತ್ತು ಎಂಬ ಪದವನ್ನು ಇಬ್ಬರಿಗೆ ಬಳಸುತ್ತೇವೆ, ಆಳಿಗೆ ಮತ್ತು ನಾಯಿಗೆ. ಒಡೆಯನಿಗೆ ನಿಯತ್ತಿದೆ ಎಂದು ಯಾರಾದರೂ ಹೊಗಳಿದ್ದನ್ನು ನಾನು ಕೇಳಿಲ್ಲ.

ಈ ಮೂರು ಕಲ್ಲುಗಳನ್ನೂ ನಿಲ್ಲಿಸಿದವರು ಉಳ್ಳವರು. ಕಲ್ಲು ಕಡಿಸಲು, ಅಕ್ಷರ ಕೊರೆಸಲು, ಭೂಮಿ ಬಿಡಲು ಶಕ್ತಿ ಇದ್ದವರು. ಅವರು ನೋಡಿದ್ದು ತಮ್ಮ ಕಡೆಗೆ ಬಂದ ನಿಷ್ಠೆಯನ್ನು. ಆಳು ಇನ್ನೊಬ್ಬ ಆಳಿಗೆ ಏನಾಗಿದ್ದ ಎಂಬುದು ಅವರಿಗೆ ಕಾಣುವಂತಿರಲಿಲ್ಲ, ಕಂಡರೂ ಕಲ್ಲಿಗೆ ಹಾಕಬೇಕಾದ ಸಂಗತಿಯಾಗಿರಲಿಲ್ಲ.

ಇಷ್ಟಾದ ಮೇಲೆ ಅಡುಗೆಮನೆಯ ಕಡೆ ನೋಡಿದೆ. ಜೋಳ ಉಂಡವನಿಗೆ ಕಲ್ಲಿದೆ, ಆ ಜೋಳ ಬೀಸಿದವಳು ಎಲ್ಲಿದ್ದಾಳೆ?

ದೊರೆಗಳಿಗೆ ಅಡುಗೆಮನೆ ಸಣ್ಣ ಸಂಗತಿಯಾಗಿರಲಿಲ್ಲ. ವಿಷದ ಭಯ ಅಲ್ಲಿಂದಲೇ. ದೊರೆ ಉಣ್ಣುವ ಮೊದಲು ಅನ್ನವನ್ನು ಬೆಂಕಿಗೂ ಹಕ್ಕಿಗಳಿಗೂ ಹಾಕಿ ನೋಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುತ್ತದೆ. ಕಲ್ಯಾಣದ ಚಾಲುಕ್ಯರಲ್ಲಿ 'ಬಾಣಸವೆರ್ಗಡೆ' ಎಂಬ ದೊಡ್ಡ ಪದವಿಯಿತ್ತು. ಬಾಣಸವೆಂದರೆ ಅಡುಗೆಮನೆ, ಪೆರ್ಗಡೆ ಎಂದರೆ ಅದರ ಹಿರಿಯ. ಇಂದಿನ ಬಾಣಸಿಗ ಎಂಬ ಪದದ ಬೇರು ಅದೇ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಈ ಬಿರುದು ಹೊತ್ತಿದ್ದ ಅನಂತಪಾಲ ಸೌಟು ಹಿಡಿದವನಲ್ಲ, ಬನವಾಸಿಯಂಥ ನಾಡುಗಳ ಆಡಳಿತ ನೋಡಿದ ದಂಡನಾಯಕ. ಅಡುಗೆಮನೆಯ ಯಜಮಾನಿಕೆ ಸೇನಾಪತಿಯ ಕೈಯಲ್ಲಿತ್ತು. ಒಲೆಯ ಮುಂದೆ ಇದ್ದವರ ಹೆಸರು ಆ ಶಾಸನಗಳಲ್ಲಿ ನನಗೆ ಸಿಗಲಿಲ್ಲ.

ಗ್ರಂಥಗಳಲ್ಲಿಯೂ ಹುಡುಕಿದೆ. ಹನ್ನೆರಡನೇ ಶತಮಾನದಲ್ಲಿ ಚಾಲುಕ್ಯ ಮೂರನೇ ಸೋಮೇಶ್ವರ ಬರೆಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗವೆಂಬ ಭಾಗವೇ ಇದೆ. ಇಡ್ಲಿ, ದೋಸೆಗಳ ಹಿರಿಯರನ್ನೆಲ್ಲ ಅಲ್ಲಿ ಕಾಣಬಹುದು. ಹದಿನಾರನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದ. ಹಿಟ್ಟಿನ ತಿಂಡಿ, ಅನ್ನ, ಪಾನಕ, ಬದನೆಕಾಯಿಯ ಬಗೆಬಗೆ, ಎಲ್ಲವೂ ಷಟ್ಪದಿಯಲ್ಲಿ. ಓದುತ್ತಾ ಹೋದರೆ ಹಸಿವಾಗುತ್ತದೆ. ಈ ಪುಸ್ತಕಗಳಲ್ಲಿ ಹಿಟ್ಟು ಮಾತ್ರ ಯಾವಾಗಲೂ ಸಿದ್ಧವಾಗಿಯೇ ಇರುತ್ತದೆ. ಅದನ್ನು ಯಾರೋ ನಸುಕಿನಲ್ಲಿ ಎದ್ದು ಬೀಸಿರಬೇಕು.

ಒನಕೆ ಹಿಡಿದ ಒಬ್ಬಳು ನಮಗೆಲ್ಲ ಗೊತ್ತು, ಚಿತ್ರದುರ್ಗದ ಓಬವ್ವ. ಹೈದರಾಲಿಯ ಸೈನಿಕರು ಕಿಂಡಿಯಿಂದ ನುಸುಳುವಾಗ ಒಬ್ಬೊಬ್ಬರನ್ನೇ ಕುಟ್ಟಿ ಕೆಡವಿದಳೆಂದು ಶಾಲೆಯಲ್ಲಿ ಓದಿದ್ದೇವೆ. ಅವಳ ಗಂಡ ಕೋಟೆಯ ಕಾವಲುಗಾರ. ಊಟಕ್ಕೆ ಕೂತ ಗಂಡನನ್ನು ಎಬ್ಬಿಸಬಾರದೆಂದು ತಾನೇ ಒನಕೆ ಎತ್ತಿಕೊಂಡಳೆಂಬುದು ಜನ ಹೇಳುವ ಕತೆ. ಅಡುಗೆಮನೆಯ ಒನಕೆ ಇತಿಹಾಸಕ್ಕೆ ಬಂದದ್ದು ಕೋಟೆ ಕಾದ ದಿನ. ಅದಕ್ಕೆ ಮೊದಲು ಅದು ಕುಟ್ಟಿದ ಭತ್ತವನ್ನು ಯಾರೂ ನೆನಪಿಟ್ಟಿಲ್ಲ.

ಕುಟ್ಟುವವರನ್ನು ಕುಟ್ಟುವವರೆಂದೇ ಹೆಸರಿಟ್ಟು ನೆನೆದ ಕಾಲ ಒಂದಿದೆ. ಅದು ಹನ್ನೆರಡನೇ ಶತಮಾನದ ಕಲ್ಯಾಣ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನ ಮಹಾಮನೆ ಆ ಊರಿನ ದೊಡ್ಡ ಮನೆ. ಅಲ್ಲಿ ದಿನವೂ ದಾಸೋಹ, ದಿನವೂ ಅನ್ನ. ಅಷ್ಟು ಜನಕ್ಕೆ ಅಡುಗೆಯಾಗಬೇಕಾದರೆ ಎಷ್ಟು ಭತ್ತ ಕುಟ್ಟಬೇಕು, ಎಷ್ಟು ಅಕ್ಕಿ ಆರಿಸಬೇಕು! ವಚನಕಾರ್ತಿಯರಲ್ಲಿ ಕೊಟ್ಟಣದ ಸೋಮಮ್ಮ ಎಂಬವಳಿದ್ದಾಳೆ. ಕೊಟ್ಟಣವೆಂದರೆ ಭತ್ತ ಕುಟ್ಟುವ ಕೆಲಸ, ಅವಳ ಕಾಯಕ ಅದು. 'ನಿರ್ಲಜ್ಜೇಶ್ವರ' ಅವಳ ಅಂಕಿತ. ಉಳಿದಿರುವುದು ಒಂದೇ ಒಂದು ವಚನ. ಅನಂತಪಾಲನ ಬಿರುದುಗಳ ಸಾಲಿನ ಮುಂದೆ ಇದು ಬಹಳ ಚಿಕ್ಕದು. ಆದರೂ ನನ್ನ ಮಟ್ಟಿಗೆ ಒನಕೆ ಹಿಡಿದ ಕೈಯೇ ಮಾತಾಡಿದ ಮೊದಲ ದಾಖಲೆಗಳಲ್ಲಿ ಅದೊಂದು.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನ ಕತೆ ಎಲ್ಲರಿಗೂ ಗೊತ್ತಿರುವುದೇ. ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ, ಹೆಚ್ಚಾದದ್ದನ್ನು ಮೊದಲಿದ್ದಲ್ಲಿಗೇ ಸುರಿದು ಬಾ ಎಂದು ಕಳಿಸಿದಳು. ಇದನ್ನು ಸಾಮಾನ್ಯವಾಗಿ ಆಸೆ ಬಿಡುವ ಪಾಠವಾಗಿ ಹೇಳುತ್ತಾರೆ. ನನಗೆ ಇನ್ನೊಂದು ಮುಖವೂ ಕಾಣುತ್ತದೆ. ದೊಡ್ಡ ಮನೆಯ ಕಾಳು ಹೆಚ್ಚಾಗಿ ಬಂದರೆ ಅದರ ಹಿಂದೆಯೇ ಋಣವೂ ಬರುತ್ತದೆ. ಲಕ್ಕಮ್ಮ ಆ ಋಣವನ್ನು ಹೊಸಿಲಾಚೆಯೇ ನಿಲ್ಲಿಸಿದಳು. ಅವಳ ನಿಷ್ಠೆ ಕಾಯಕಕ್ಕೆ, ಬಸವಣ್ಣನ ಮನೆಗೂ ಅಲ್ಲ. ಅದೇ ಮನೆಯಲ್ಲಿ ತಾಂಬೂಲದ ಚೀಲ ಹಿಡಿಯುತ್ತಿದ್ದ ಹಡಪದ ಅಪ್ಪಣ್ಣ ಬಸವಣ್ಣನ ಕೊನೆಯ ದಿನಗಳವರೆಗೂ ಜೊತೆಗಿದ್ದವನು, ತಾನೂ ವಚನ ಬರೆದವನು. ಅಗರಯ್ಯನ ಹಾಗೆ ಅವನೂ ಒಬ್ಬ ದೊಡ್ಡವನ ಬಳಿಯ ಪರಿಚಾರಕನೇ. ಆದರೆ ಅಪ್ಪಣ್ಣನ ಮಾತು ಅಪ್ಪಣ್ಣನ ಬಾಯಿಂದಲೇ ಉಳಿದಿದೆ. ಅಗರಯ್ಯ ಬಾಯಿ ಬಿಟ್ಟದ್ದು ಯಾವ ಕಲ್ಲಿನಲ್ಲೂ ಇಲ್ಲ.

ಕಲ್ಯಾಣದ ಮಾತು ಕಲ್ಯಾಣಕ್ಕೆ. ನನ್ನ ಅಜ್ಜಿಗೆ ವಚನ ಬರೆಯಲು ಬರುತ್ತಿರಲಿಲ್ಲ, ಓದಲೂ ಬರುತ್ತಿರಲಿಲ್ಲ. ಅವಳಿಗೆ ಬರುತ್ತಿದ್ದದ್ದು ಬೀಸುವ ಪದ.

ತಾತ ಮದುವೆಗೆಂದು ಆ ತೊಟ್ಟಿಮನೆಯಲ್ಲಿ ಸಾಲ ಮಾಡಿದ್ದ. ಸಾಲಕ್ಕೆ ಜೀತ. ವರ್ಷಕ್ಕಿಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಎಕ್ಕಡ. ತಾತನ ಜೊತೆಗೆ ಅಜ್ಜಿಯೂ ಲೆಕ್ಕಕ್ಕೆ ಸೇರಿಕೊಂಡಳು. 1960ರ ದಶಕದ ಆರಂಭದ ಮಾತು. ಕಾವೇರಿಯ ಶಿವನಸಮುದ್ರ ನಮ್ಮ ಸೀಮೆಗೆ ದೂರವೇನಲ್ಲ. 1902ರಲ್ಲೇ ಅಲ್ಲಿಯ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಗಿತ್ತು. ಅಜ್ಜಿಯ ಕೈಗೆ ಬಂದದ್ದು ಬೀಸುವ ಕಲ್ಲು. ರಾಗಿ ಮಿಷನ್ನು ಆ ಊರಿಗೆ ಬಂದದ್ದು ಅವಳ ತೋಳು ಸೋತ ಮೇಲೆ.

ಬೀಸುವ ಕೆಲಸದ ರೀತಿ ಗೊತ್ತಿಲ್ಲದವರಿಗೆ ಹೇಳಬೇಕು. ದೊಡ್ಡ ಕಲ್ಲಿಗೆ ಇಬ್ಬರು ಎದುರುಬದುರು ಕೂರುತ್ತಾರೆ. ಒಂದೇ ಗೂಟಕ್ಕೆ ಇಬ್ಬರ ಕೈ. ಒಬ್ಬಳು ಎಳೆದರೆ ಇನ್ನೊಬ್ಬಳು ನೂಕುತ್ತಾಳೆ, ಅರ್ಧ ಸುತ್ತು ಇವಳದು, ಅರ್ಧ ಸುತ್ತು ಅವಳದು. ಒಬ್ಬಳು ಕೈ ಸಡಿಲ ಬಿಟ್ಟರೂ ಕಲ್ಲು ನಿಲ್ಲುವುದಿಲ್ಲ, ಆ ಭಾರ ಎದುರಿನವಳ ಭುಜಕ್ಕೆ ಹೋಗುತ್ತದೆ. ಪಡಸಾಲೆಯಲ್ಲಿ ಕೂತು ನೋಡುವವರಿಗೆ ಇದು ಕಾಣದು. ಅವರಿಗೆ ಕೇಳಿಸುವುದು ಕಲ್ಲಿನ ಸದ್ದು, ಸದ್ದು ನಡೆಯುತ್ತಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಅಪ್ಪ ಹೊಟ್ಟೆಯಲ್ಲಿದ್ದ ಕೊನೆಯ ಎರಡು ತಿಂಗಳು ಅಜ್ಜಿಯ ಕೈ ಗೂಟದ ಮೇಲೆ ಸುಮ್ಮನೆ ಇರುತ್ತಿತ್ತಂತೆ. ಎದುರಿಗೆ ಕೂರುತ್ತಿದ್ದ ಹೆಂಗಸು ಎರಡು ಸುತ್ತನ್ನೂ ತಾನೇ ಎಳೆದಳು. ಆ ಹೆಂಗಸಿನ ಹೆರಿಗೆಯಲ್ಲಿ ಅಜ್ಜಿ ಎಳೆದಳು. ಇದನ್ನು ಅವರಿಬ್ಬರು ಮಾತಾಡಿಕೊಂಡು ಮಾಡಿದ್ದಲ್ಲ. "ಹಾಡು ಅವಳು ಜೋರಾಗಿ ಹೇಳೋಳು ಕಣ್ಮಗ, ನಂಗೆ ಉಸ್ರು ಸಾಲ್ದು ಅಂತ" ಎಂದು ಅಜ್ಜಿ ನೆನಪಿಸಿಕೊಂಡಳು. ಪದದ ಎರಡನೇ ದನಿ ನಿಂತದ್ದೂ ಯಜಮಾನರಿಗೆ ತಿಳಿಯಬಾರದಲ್ಲ.

ಹಿಟ್ಟು ಅಡುಗೆಮನೆಗೆ ಹೋಗುತ್ತಿತ್ತು, ಅಜ್ಜಿ ಹೋಗುವಂತಿರಲಿಲ್ಲ. ನಮ್ಮ ಜಾತಿಯವರಿಗೆ ಆ ಮನೆಯ ಹೊಸಿಲೇ ಗಡಿ. ರಾಗಿ ಅವಳ ಕೈಯಲ್ಲಿ ಹಿಟ್ಟಾಗುವವರೆಗೂ ಮೈಲಿಗೆಯಿರಲಿಲ್ಲ, ಅದೇ ಹಿಟ್ಟು ಮುದ್ದೆಯಾದ ಮೇಲೆ ಅವಳು ಮುಟ್ಟುವಂತಿರಲಿಲ್ಲ. ಹೊಸಿಲಿನ ಒಳಗೆ ಒಲೆಯ ಮುಂದೆ ಇದ್ದವಳು ಆ ಮನೆಯದೇ ಒಬ್ಬ ವಿಧವೆ, ಯಜಮಾನರಿಗೆ ದೂರದ ಸಂಬಂಧ. ಚಿಕ್ಕ ವಯಸ್ಸಿಗೆ ಗಂಡ ಸತ್ತು, ತವರಲ್ಲಿ ಯಾರೂ ಇಲ್ಲದೆ ಆ ಮನೆ ಸೇರಿದವಳು. ಸಂಬಳವಿಲ್ಲ, ಸಾಲವಿಲ್ಲ, ಹಾಗಾಗಿ ಅವಳನ್ನು ಯಾರೂ ಆಳೆಂದು ಕರೆಯುತ್ತಿರಲಿಲ್ಲ. ನಸುಕಿನಿಂದ ರಾತ್ರಿಯವರೆಗೆ ಬೇಯಿಸುವವಳು ಅವಳೇ. ಅಜ್ಜಿ ಅವಳನ್ನು 'ಒಳಗಿನವ್ವ' ಎನ್ನುತ್ತಿದ್ದಳು. ಹೆಸರು ಅಜ್ಜಿಗೂ ಗೊತ್ತಿರಲಿಲ್ಲ.

1965-66ರಲ್ಲಿ ಮಳೆ ಕೈಕೊಟ್ಟಿತು. ದೇಶಕ್ಕೇ ಬರ ಬಂದ ವರ್ಷಗಳವು. ದೊಡ್ಡ ಮನೆಗಳಲ್ಲಿ ಹಗೇವು ಇತ್ತು. ನೆಲದೊಳಗಿನ ಆ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಆಳುಗಳ ಮನೆಯಲ್ಲಿ ಮಡಕೆ ಖಾಲಿ. ಬೀಸಿದವಳಿಗೆ ಜರಡಿ ಹಿಡಿದು ಮಿಕ್ಕ ತೌಡು ಒಯ್ಯಲು ಬಿಡುತ್ತಿದ್ದರು. ಅಪ್ಪ ಆಗ ಎಳೆಗೂಸು, ಅಜ್ಜಿಯ ಎದೆಯಲ್ಲಿ ಹಾಲಿರಲಿಲ್ಲ. ಒಳಗಿನವ್ವ ಹೊಸಿಲ ಬಳಿ ಬಂದು ಮೊರ ಇಟ್ಟು ಹೋಗುವಳು. ಮೇಲೆ ತೌಡು, ಕೆಳಗೆ ಎರಡು ಹಿಡಿ ಹಿಟ್ಟು. ಮಾತಿಲ್ಲ. ಎಷ್ಟೋ ವಾರ ಹೀಗೆ ನಡೆಯಿತು. ಒಂದು ದಿನ ಯಾರೋ ಮೊರ ಮಗುಚಿ ನೋಡಿದರು. ಅಜ್ಜಿಯನ್ನು ಕಂಬದ ಬಳಿ ನಿಲ್ಲಿಸಿ ಕೇಳುತ್ತಿರುವಾಗ ಒಳಗಿಂದ ಅವಳ ದನಿ ಬಂತು: "ನಾನೇ ಹಾಕ್ದೋಳು. ಹುಳ ಬಿದ್ದಿತ್ತು." ಅಜ್ಜಿಯನ್ನು ಬಿಟ್ಟರು. ಅವತ್ತು ಒಳಗಿನವ್ವನ ಸೆರಗಿನಿಂದ ಉಗ್ರಾಣದ ಬೀಗದ ಕೈ ಹೋಯಿತು. ಮತ್ತೆ ಅದು ಅವಳಿಗೆ ಸಿಗಲಿಲ್ಲ. ಅಂಥ ಮನೆಯಲ್ಲಿ ಅಂಥ ಹೆಂಗಸಿಗೆ ಇದ್ದ ಮಾನವೆಲ್ಲ ಆ ಬೀಗದ ಕೈಯಲ್ಲಿತ್ತು.

ಜೀತಪದ್ಧತಿ ರದ್ದಾಗುವ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರ್‌ನಲ್ಲಿ. 1976ರಲ್ಲಿ ಅದು ಕಾಯ್ದೆಯಾಯಿತು. ದೇವರಾಜ ಅರಸರ ಕಾಲ, ಭೂಸುಧಾರಣೆಯ ಬಿಸಿ ಊರೂರಿನಲ್ಲಿದ್ದ ದಿನಗಳು. ತಾತ ಸಾಲ ತೀರಿತೆಂದು ಆ ಮನೆಯ ದನದ ಕೊಟ್ಟಿಗೆಯಿಂದ ಹೊರಬಂದ, ಕೂಲಿಗೆ ಹೋದ. ಅಜ್ಜಿ ಬಿಡಲಿಲ್ಲ. ಇನ್ನೂ ಐದು ವರ್ಷ ದಿನಾ ನಸುಕಿಗೆ 'ಆ ಮನೆ'ಗೆ ಹೋಗಿ ಬರುತ್ತಿದ್ದಳು. ತಾತ ಬೈದ, ಕೇರಿಯವರು ನಕ್ಕರು. ಆಗ ಹತ್ತು ವರ್ಷದವನಾಗಿದ್ದ ಅಪ್ಪ, ಶಾಲೆಗೆ ಹೋಗುವ ಹೊತ್ತಿಗೆ ಮನೆಯಲ್ಲಿ ಅವ್ವ ಇಲ್ಲದ್ದನ್ನು ಕೊನೆಯವರೆಗೂ ಮರೆಯಲಿಲ್ಲ. ದೊಡ್ಡ ಮನೆಯವರು ಮಾತ್ರ ಮೆಚ್ಚಿಕೊಂಡರು. ಆ ಮೆಚ್ಚುಗೆಯೇ ನಲವತ್ತು ವರ್ಷ ದಾಟಿ ತಿಥಿಯ ಚಪ್ಪರಕ್ಕೆ ಬಂದದ್ದು.

ಅಜ್ಜಿ ಯಾಕೆ ಹೋಗುತ್ತಿದ್ದಳೆಂದರೆ, ಒಳಗಿನವ್ವನಿಗೆ ಕಣ್ಣು ಹೋಗಿತ್ತು. ವರ್ಷಗಟ್ಟಲೆ ಹಸಿ ಸೌದೆಯ ಹೊಗೆಯ ಮುಂದೆ ಕೂತವಳು. ಮೊದಲು ಮಂಜಾಯಿತು, ಆಮೇಲೆ ಬೆಳಕಿನ ಗುರುತಷ್ಟೇ ಉಳಿಯಿತು. ಬೇಯಿಸಲಾಗದ ವಿಧವೆಗೆ ಆ ಮನೆಯಲ್ಲಿ ಜಾಗ ಇರುತ್ತದೋ ಇಲ್ಲವೋ ಎಂಬ ಭಯ ಅವಳಿಗೆ. ಅಜ್ಜಿ ಹೊಸಿಲಾಚೆ ಕೂತೇ ಅದನ್ನು ಮುಚ್ಚಿಟ್ಟಳು. ರಾಗಿ, ಅಕ್ಕಿ, ಬೇಳೆಯಲ್ಲಿ ಒಂದು ಕಲ್ಲೂ ಉಳಿಯದ ಹಾಗೆ ಆರಿಸುವಳು, ಊಟದಲ್ಲಿ ಕಲ್ಲು ಸಿಕ್ಕರೆ ಗುಟ್ಟು ರಟ್ಟಾಗುತ್ತಿತ್ತು. ಉಪ್ಪು, ಖಾರ, ಹುಣಸೆಹಣ್ಣು ದಿನವೂ ಒಂದೇ ಸಾಲಿನಲ್ಲಿ ಹೊಸಿಲ ಮೇಲೆ ಜೋಡಿಸುವಳು. ಸೌದೆಯನ್ನು ಸಣ್ಣಗೆ ಸೀಳಿ, ಒಣಗಿದ್ದನ್ನು ಎಡಕ್ಕೆ, ಹಸಿಯದನ್ನು ಬಲಕ್ಕೆ ಇಡುವಳು. ಹಾಲು ಉಕ್ಕುವ ಮೊದಲು ಹೊರಗಿನಿಂದ ಕೆಮ್ಮುವಳು. ಯಾರಾದರೂ ಹತ್ತಿರ ಬಂದರೆ ಮೊರವನ್ನು ನೆಲಕ್ಕೆ ಎರಡು ಸಲ ತಟ್ಟುವಳು. ಐದು ವರ್ಷ ಆ ಮನೆ ಕಣ್ಣಿಲ್ಲದವಳ ಕೈಯಡುಗೆ ಉಂಡಿತು, ತಿಳಿಯಲಿಲ್ಲ. ಅವಳು ತೀರಿಕೊಂಡ ಮಾರನೇ ದಿನದಿಂದ ಅಜ್ಜಿ ಆ ಕಡೆ ತಲೆ ಹಾಕಲಿಲ್ಲ. ವಯಸ್ಸಾಯಿತು, ಆಗದು ಎಂದಳಂತೆ. ಅವಳಿಗಾಗ ನಲವತ್ತೂ ಆಗಿರಲಿಲ್ಲ.

"ಯಾರ್ಗೂ ಯಾಕೆ ಹೇಳ್ಲಿಲ್ಲ ಅಜ್ಜಿ? ತಾತಂಗಾದ್ರೂ ಹೇಳ್ಬೋದಿತ್ತಲ್ಲ" ಎಂದು ಕೇಳಿದೆ.

"ಹೇಳಲ್ಲ ಅಂತ ಮಾತು ಕೊಟ್ಟಿದ್ದೆ ಕಣ್ಮಗ. ಅವಳ ಋಣ ಇತ್ತು."

ಋಣ ಎಂಬುದು ಅವಳೂ ಬಳಸಿದ ಪದವೇ. ಆದರೆ ಅವಳ ಋಣ ಹಗೇವಿನ ರಾಗಿಯದಲ್ಲ, ಮೊರದ ತೌಡಿನ ಕೆಳಗಿದ್ದ ಎರಡು ಹಿಡಿ ಹಿಟ್ಟಿನದು. ಹಿಟ್ಟಿನ ಒಡೆಯರು ಬೇರೆ, ಕೊಟ್ಟವಳು ಬೇರೆ.

ಅಜ್ಜಿಯ ಈ ಮಾತಿನಿಂದ ಅಗರಯ್ಯನ ಮನಸ್ಸನ್ನು ಓದಲು ಬರುವುದಿಲ್ಲ ಎಂಬುದು ನನಗೆ ಗೊತ್ತು. ಹನ್ನೊಂದು ಶತಮಾನಗಳ ಅಂತರವನ್ನು ಒಬ್ಬ ಮುದುಕಿಯ ನೆನಪಿನಿಂದ ತುಂಬಿದರೆ ಅದು ಇತಿಹಾಸವಾಗದು. ಅಗರಯ್ಯ ತನ್ನ ದೊರೆಯನ್ನು ನಿಜವಾಗಿ ಪ್ರೀತಿಸಿರಬಹುದು. ಹೆದರಿಯೂ ಹೋಗಿರಬಹುದು. ತಾನು ಹೋದರೆ ಮಕ್ಕಳಿಗೆ ಭೂಮಿ ಸಿಗುತ್ತದೆ ಎಂಬ ಲೆಕ್ಕವೂ ಇದ್ದಿರಬಹುದು. ಕಲ್ಲು ಇದರಲ್ಲಿ ಯಾವುದನ್ನೂ ಹೇಳುವುದಿಲ್ಲ. ಅವನು ಕೀಳ್ಗುಂಠೆಯಾದ ಎಂಬ ಕೆಲಸವನ್ನಷ್ಟೇ ಹೇಳುತ್ತದೆ. ಅದಕ್ಕೆ ನಿಷ್ಠೆ ಎಂಬ ಹೆಸರನ್ನು ಕೊಟ್ಟದ್ದು ನಾವು, ಓದುವವರು. ಅಜ್ಜಿಯ ಕತೆ ನನಗೆ ಕೊಟ್ಟದ್ದು ಉತ್ತರವನ್ನಲ್ಲ, ಒಂದು ಎಚ್ಚರಿಕೆಯನ್ನು. ಒಬ್ಬಳು ಐದು ವರ್ಷ ಒಂದು ಮನೆಯ ಹಿತ್ತಿಲನ್ನು ಬಿಡದೆ ಇದ್ದಳು ಎಂಬುದು ನಿಜ. ಅವಳು ಯಾರಿಗಾಗಿ ಇದ್ದಳು ಎಂದು ಪಡಸಾಲೆಯವರನ್ನು ಮಾತ್ರ ಕೇಳಿದರೆ, ನಮಗಾಗಿ ಎಂದೇ ಹೇಳುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ, ಅವರು ಕೂತ ಜಾಗದಿಂದ ಕಾಣುವುದೇ ಅಷ್ಟು.

ಆಳುಗಳು ಒಬ್ಬರಿಗೊಬ್ಬರು ತೋರಿದ ಕರುಣೆಗೆ ದಾಖಲೆಗಳು ಯಾಕೆ ಕಡಿಮೆ ಎಂಬುದಕ್ಕೂ ಇಲ್ಲಿ ಕಾರಣವಿದೆ. ಬರೆಯುವವರ ಅಸಡ್ಡೆ ಒಂದು. ಇನ್ನೊಂದು, ಆ ಕರುಣೆಗೆ ಗುಟ್ಟಾಗಿರಲೇಬೇಕಾದ ಅಗತ್ಯವಿತ್ತು. ಕಂಡರೆ ಅದು ಕಳ್ಳತನ, ಕಂಡರೆ ಅದು ಸೋಮಾರಿತನ. ಎರಡು ಸುತ್ತನ್ನೂ ಒಬ್ಬಳೇ ಎಳೆಯುವುದು, ತೌಡಿನ ಕೆಳಗೆ ಹಿಟ್ಟಿಡುವುದು, ಹೊರಗಿನಿಂದ ಕೆಮ್ಮುವುದು, ಇವೆಲ್ಲ ಯಾರಿಗೂ ತಿಳಿಯದಿದ್ದರೆ ಮಾತ್ರ ನಡೆಯುವ ಕೆಲಸಗಳು.

ಮೂರನೇ ಅಧ್ಯಾಯವನ್ನು ಈಗ ತಿದ್ದುತ್ತಿದ್ದೇನೆ. ಕಲ್ಲುಗಳನ್ನು ಕೈಬಿಟ್ಟಿಲ್ಲ. 'ಅಗರಯ್ಯನ ಸ್ವಾಮಿನಿಷ್ಠೆ' ಎಂದಿದ್ದಲ್ಲಿ 'ಅಗರಯ್ಯನ ಸಾವು' ಎಂದು ಬರೆದಿದ್ದೇನೆ. ಹಳೇಬೀಡಿನ ಸಾವಿರ ಲೆಂಕರ ಬಗ್ಗೆ ಒಂದು ಪುಟ ಸೇರಿಸಿದ್ದೇನೆ. ಅಷ್ಟು ಜನ ಒಟ್ಟಿಗೆ ಉಂಡವರು, ಒಟ್ಟಿಗೆ ಕಾದಿದವರು. ವ್ರತ ತೊಟ್ಟದ್ದು ಒಡೆಯನಿಗಾದರೂ, ಪಕ್ಕದವನನ್ನು ಬಿಟ್ಟು ಬರಲಾರದೆ ನಿಂತವರು ಅವರಲ್ಲಿ ಇರಲಿಲ್ಲವೇ ಎಂಬ ಪ್ರಶ್ನೆಯನ್ನು ಪ್ರಶ್ನೆಯಾಗಿಯೇ ಬಿಟ್ಟಿದ್ದೇನೆ. ಕೊಟ್ಟಣದ ಸೋಮಮ್ಮನನ್ನು ಅಧ್ಯಾಯದ ಆರಂಭಕ್ಕೆ ತಂದಿದ್ದೇನೆ.

ಕೊಟ್ಟ ಮಾತನ್ನು ಅಜ್ಜಿ ನನ್ನ ಮುಂದೆ ಮುರಿದಳು, ನಾನು ಇಲ್ಲಿ ಮುರಿಯುತ್ತಿದ್ದೇನೆ. ಇದು ಸರಿಯೋ ಎಂದು ಬಹಳ ದಿನ ಯೋಚಿಸಿದೆ. ಒಳಗಿನವ್ವನಿಗೆ ಈಗ ಯಾರ ಭಯವೂ ಇಲ್ಲ. ಊರು, ಮನೆ ಗುರುತಾಗದಂತೆ ಬರೆದಿದ್ದೇನೆ. ಆದರೂ ಇದನ್ನು ಮೊದಲು ತಿಳಿಯಬೇಕಾದವನು ಬೇರೆ ಒಬ್ಬನಿದ್ದ.

ತಿಥಿಯ ದಿನ ಆ ಹಿರಿಯರಿಗೆ ನಾನು ಏನೂ ಹೇಳಲಿಲ್ಲ. ಹೌದು ಎಂದು ತಲೆಯಾಡಿಸಿ ಬೀದಿಯವರೆಗೆ ಹೋಗಿ ಕಳಿಸಿ ಬಂದೆ. ರಾತ್ರಿ ನೆಂಟರೆಲ್ಲ ಹೋದ ಮೇಲೆ ಅಪ್ಪನಿಗೆ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡ. ತೌಡಿನ ಕೆಳಗಿನ ಹಿಟ್ಟು ತನಗಾಗಿ ಬಂದದ್ದು ಎಂಬಲ್ಲಿ ಬೀಡಿ ಆರಿಸಿದ. ಬಹಳ ಹೊತ್ತಾದ ಮೇಲೆ ಕೇಳಿದ್ದು ಒಂದೇ ಮಾತು: "ಆವಮ್ಮನ ಹೆಸ್ರು ಏನಂತೆ?"

ಗೊತ್ತಿಲ್ಲ ಅಪ್ಪ ಎಂದೆ.